ಒಂದು ಕಾಲಾಳಿನ ಬೆಲೆ

1996ರ ಫೆಬ್ರವರಿ 10, ಶನಿವಾರ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಂದು ಬಿಳಿ ಕಾಲಾಳು ಡಿ4 ಮನೆಯಿಂದ ಡಿ5ಕ್ಕೆ, ಅಂದರೆ ಒಂದೇ ಒಂದು ಹೆಜ್ಜೆ, ಮುಂದೆ ಹೋಯಿತು. ಅದು ಆಟದ 23ನೆಯ ನಡೆ. ಕಪ್ಪು ಕಾಯಿಗಳ ಹಿಂದೆ ಕೂತಿದ್ದವನು ಆಗಿನ ಕಾಲದ ಅತ್ಯಂತ ಬಲಶಾಲಿ ಆಟಗಾರ ಗ್ಯಾರಿ ಕಾಸ್ಪರೋವ್. ಬಿಳಿ ಕಾಯಿಗಳ ಕಡೆ ಕೂತಿದ್ದ ಮನುಷ್ಯ ಆಡುತ್ತಿರಲಿಲ್ಲ. ಐಬಿಎಂ ಕಂಪನಿಯ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಹೇಳಿದ ನಡೆಯನ್ನು ಹಲಗೆಯ ಮೇಲೆ ಇಡುವುದಷ್ಟೇ ಅವನ ಕೆಲಸ.

ಆ ಊರನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಅದಕ್ಕೆ ಸರಿಯಾಗಿ ಐವತ್ತು ವರ್ಷದ ಹಿಂದೆ, 1946ರ ಫೆಬ್ರವರಿಯಲ್ಲಿ, ಎನಿಯಾಕ್ ಎಂಬ ಕೋಣೆ ತುಂಬುವ ಗಣಕವನ್ನು ಲೋಕಕ್ಕೆ ತೋರಿಸಿದ್ದು ಇದೇ ಊರಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಆ ಹುಟ್ಟುಹಬ್ಬದ ನೆಪದಲ್ಲಿ ಈ ಆರು ಆಟಗಳ ಪಂದ್ಯ. ಐದು ಲಕ್ಷ ಡಾಲರ್ ಬಹುಮಾನ. ನಾನಾಗ ಹುಟ್ಟಿರಲಿಲ್ಲ. ಆದರೂ ಕಳೆದ ಎರಡು ವರ್ಷಗಳಿಂದ ನನ್ನ ಪಿಎಚ್‌ಡಿಯ ಓದು ಎತ್ತೆತ್ತಲೋ ಸುತ್ತಿ ಮತ್ತೆ ಮತ್ತೆ ಬಂದು ನಿಲ್ಲುವುದು ಈ ಡಿ5ರ ಹತ್ತಿರವೇ. ಇದನ್ನು ಪ್ರಬಂಧದ ಯಾವ ಅಧ್ಯಾಯದಲ್ಲಿ ಸೇರಿಸುತ್ತೀರಿ ಎಂದು ನಮ್ಮ ಗೈಡ್ ಕೇಳಿದಾಗಲೆಲ್ಲ ಮಾತು ಮರೆಸುತ್ತೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚದುರಂಗ ಆಡದವರಿಗಾಗಿ ಒಂದು ಮಾತು. ಕಾಯಿಗಳ ಹೆಸರು ನಮ್ಮಲ್ಲಿ ಊರಿಗೊಂದು ಥರ. ನಾನು ಕಲಿತ ಪ್ರಕಾರ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. ಕಾಲಾಳನ್ನು ಪ್ಯಾದೆ ಅನ್ನುವವರಿದ್ದಾರೆ, ಮಂತ್ರಿಯನ್ನು ರಾಣಿ ಅನ್ನುವವರಿದ್ದಾರೆ. ಆನೆ ನೇರ ಸಾಲಿನಲ್ಲಿ ಓಡುತ್ತದೆ, ಒಂಟೆ ಓರೆ ಸಾಲಿನಲ್ಲಿ, ಮಂತ್ರಿ ಎರಡರಲ್ಲೂ. ಈ ಸಾಲುಗಳಿಗೆ ಅಡ್ಡ ನಿಲ್ಲುವುದು ಬಹುಪಾಲು ಕಾಲಾಳುಗಳೇ, ಎದುರಾಳಿಯವು ಮಾತ್ರವಲ್ಲ, ನಮ್ಮವು ಕೂಡ. ಅದಕ್ಕೇ ಒಮ್ಮೊಮ್ಮೆ ಆಟಗಾರರು ತಮ್ಮದೇ ಒಂದು ಕಾಲಾಳನ್ನು ಎದುರಾಳಿಯ ಬಾಯಿಗೆ ಕೊಟ್ಟು ದಾರಿ ತೆರವು ಮಾಡಿಕೊಳ್ಳುತ್ತಾರೆ. ಮನೆಯ ಗೋಡೆ ಒಡೆದು ಬಾಗಿಲು ಇಟ್ಟ ಹಾಗೆ. ಗೋಡೆಯಂತೂ ಹೋಗುತ್ತದೆ. ಬಾಗಿಲಿನಿಂದ ಯಾರು ಒಳಗೆ ಬರುತ್ತಾರೆ ಎನ್ನುವುದರ ಮೇಲೆ ಲಾಭ ನಷ್ಟ.

ಫಿಲಡೆಲ್ಫಿಯಾದ ಹಲಗೆಗೆ ಬರೋಣ. ಡಿ4ರಲ್ಲಿದ್ದ ಬಿಳಿ ಕಾಲಾಳು ಒಂಟಿ. ಅಕ್ಕಪಕ್ಕದ ಸಾಲುಗಳಲ್ಲಿ ಅದರ ಜೊತೆಯವರು ಯಾರೂ ಇಲ್ಲ. ಕಪ್ಪು ಕುದುರೆ, ಕಪ್ಪು ಆನೆ, ಕಪ್ಪು ಮಂತ್ರಿ ಮೂರೂ ಅದರ ಮೇಲೆ ಕಣ್ಣಿಟ್ಟಿವೆ. ಬಿಳಿಯ ಮಂತ್ರಿ, ಆನೆ, ಕುದುರೆ ಮೂರೂ ಅದನ್ನು ಕಾಯುತ್ತಾ ಕಟ್ಟುಬಿದ್ದಿವೆ. ಒಂದು ಕಾಲಾಳನ್ನು ಉಳಿಸಲು ಮೂರು ದೊಡ್ಡ ಕಾಯಿಗಳ ಪಹರೆ. ಈಗ ಅದು ಡಿ5ಕ್ಕೆ ನುಗ್ಗಿತು. ನುಗ್ಗಿದ ಮೇಲೆ ಅದು ಕಪ್ಪು ಕುದುರೆಯನ್ನೇ ಹೊಡೆಯುವ ಹಾಗೆ ನಿಂತಿದೆ, ಹಾಗಾಗಿ ಕಾಸ್ಪರೋವ್ ಅದನ್ನು ಕಂಡೂ ಕಾಣದಂತೆ ಇರಲಾರ. ಆತ ಆನೆಯಿಂದ ಅದನ್ನು ಹೊಡೆದ. ಬಿಳಿ ಆನೆ ಆ ಆನೆಯನ್ನು ಹೊಡೆಯಿತು. ಕಪ್ಪು ಕಾಲಾಳು ಇ6ರಿಂದ ಬಂದು ಬಿಳಿ ಆನೆಯನ್ನು ಹೊಡೆಯಿತು. ಆನೆಗೆ ಆನೆ ಸರಿಹೋಯಿತು. ಬಿಳಿಯ ಕಡೆ ಒಂದು ಕಾಲಾಳು ಕಡಿಮೆ.

ಆದರೆ ಡಿ4 ಮನೆ ಈಗ ಖಾಲಿ. ಆ ಮನೆ ಖಾಲಿಯಾದ ಕೂಡಲೇ ಇ3ರಲ್ಲಿದ್ದ ಬಿಳಿ ಮಂತ್ರಿಯಿಂದ ಬಿ6ರಲ್ಲಿರುವ ಕಪ್ಪು ಕಾಲಾಳಿನ ತನಕ ಓರೆ ಸಾಲು ತೆರೆದುಕೊಂಡಿತು. ಇದರಲ್ಲಿ ಒಂದು ತಮಾಷೆಯೂ ಇದೆ. ಅದೇ ಖಾಲಿ ಮನೆಯ ಮೂಲಕ ಕಪ್ಪು ಮಂತ್ರಿಗೂ ಎಫ್6ರಿಂದ ಬಿ2ರವರೆಗೆ ದಾರಿ ಸಿಕ್ಕಿತು. ತೆರೆದ ಬಾಗಿಲು ಇಬ್ಬರಿಗೂ ತೆರೆದದ್ದೇ. ಆಗ ಯಂತ್ರ ಏನು ಮಾಡಿತು? ಒಂದು ಕಾಲಾಳು ಕಳೆದುಕೊಂಡು ಕೂತವರು ಸಾಮಾನ್ಯವಾಗಿ ಮೈಮೇಲೆ ಬಿದ್ದು ದಾಳಿ ಮಾಡುತ್ತಾರೆ. ಯಂತ್ರ 25ನೆಯ ನಡೆಯಲ್ಲಿ ಬಿ2ರ ಕಾಲಾಳನ್ನು ಸುಮ್ಮನೆ ಬಿ3ಕ್ಕೆ ಸರಿಸಿತು. ತನ್ನ ಕಡೆಯ ಬಾಗಿಲು ಮುಚ್ಚಿತು, ಅಷ್ಟೆ. ನನ್ನನ್ನು ಕೇಳಿದರೆ ಇಡೀ ಆಟದಲ್ಲಿ ಮೈ ಜುಮ್ಮೆನ್ನಿಸುವ ನಡೆ ಡಿ5 ಅಲ್ಲ, ಈ ಬಿ3.

ಮುಂದಿನ ನಡೆಯಲ್ಲಿ ಬಿಳಿ ಮಂತ್ರಿ ಬಿ6ರ ಕಾಲಾಳನ್ನು ತಿಂದಿತು. 29ನೆಯ ನಡೆಯಲ್ಲಿ ಕುದುರೆ ಬಿ7ರ ಕಾಲಾಳನ್ನು ತಿಂದಿತು. ಅಷ್ಟರಲ್ಲಿ ಕಾಸ್ಪರೋವ್ ಬಿಳಿ ರಾಜನ ಸುತ್ತ ಬಲೆ ಹೆಣೆಯುತ್ತಿದ್ದ. ಕೊನೆಗೆ ಒಂದೇ ನಡೆಯಲ್ಲಿ ಕಟ್ಟು ಎನ್ನುವ ಸ್ಥಿತಿಗೂ ತಂದ. ಯಂತ್ರಕ್ಕೆ ಭಯ ಎಂಬುದಿಲ್ಲವಲ್ಲ. ಅದು ಹೋಗಿ 35ನೆಯ ನಡೆಯಲ್ಲಿ ಎಫ್7ರ ಕಾಲಾಳನ್ನು ರಾಜನಿಗೆ ಶಹ ಕೊಡುತ್ತಲೇ ತಿಂದಿತು. 37ನೆಯ ನಡೆಗೆ ಕಾಸ್ಪರೋವ್ ಸೋಲೊಪ್ಪಿಕೊಂಡ. ಹಾಲಿ ವಿಶ್ವ ಚಾಂಪಿಯನ್ ಒಬ್ಬ ಟೂರ್ನಿಯ ಮಾಮೂಲಿ ಸಮಯದ ಆಟದಲ್ಲಿ ಕಂಪ್ಯೂಟರಿಗೆ ಸೋತದ್ದು ಅದೇ ಮೊದಲು. ಪಂದ್ಯವನ್ನು ಆತ ಆಮೇಲೆ 4-2ರಿಂದ ಗೆದ್ದ ಎನ್ನುವುದನ್ನು ಜನ ಮರೆತಿದ್ದಾರೆ.

ಕೆಲವು ವಾರಗಳ ನಂತರ ಕಾಸ್ಪರೋವ್ ಟೈಮ್ ವಾರಪತ್ರಿಕೆಗೆ ಒಂದು ಲೇಖನ ಬರೆದ. ಕೃತಕ ಬುದ್ಧಿಮತ್ತೆಯ ಚರಿತ್ರೆ ಓದುವವರೆಲ್ಲ ಒಮ್ಮೆಯಾದರೂ ಓದಬೇಕಾದ ಬರಹ ಅದು. ಆತ ಹೇಳುವುದರ ಸಾರ ಹೀಗಿದೆ. ಆ ಡಿ5 ನಡೆ ನೋಡಿದಾಗ ಆತನಿಗೆ ಮೇಜಿನ ಆಚೆ ಹೊಸದೊಂದು ಬಗೆಯ ಬುದ್ಧಿ ಕೂತಿದೆ ಎಂದು ಅನ್ನಿಸಿತು. ಬಿಳಿ ಕಾಯಿ ತನ್ನದಾಗಿದ್ದರೆ ತಾನೂ ಆ ಕಾಲಾಳನ್ನು ಕೊಡುತ್ತಿದ್ದನೇನೋ. ಯಾಕೆಂದರೆ ಅದು ಕಪ್ಪಿನ ಕಾಲಾಳುಗಳ ಕಟ್ಟನ್ನು ಒಡೆದು ಹಲಗೆಯನ್ನು ತೆರೆಯುತ್ತದೆ. ಆದರೆ ಕಾಲಾಳು ಮರಳಿ ಸಿಗುತ್ತದೆ ಎಂಬ ಖಾತ್ರಿ ಮನುಷ್ಯನಿಗೆ ಇರುವುದಿಲ್ಲ. ಯಂತ್ರಗಳು ಇಂಥ ಕೆಲಸ ಮಾಡುವುದಿಲ್ಲ ಎಂದೇ ಆತ ನಂಬಿದ್ದ. ಆಮೇಲೆ ಗೊತ್ತಾದ ನಿಜ ಬೇರೆ. ಕಾಲಾಳು ವಾಪಸ್ ಬರುವ ತನಕ, ಆರು ನಡೆ ಮುಂದಿನವರೆಗೆ, ಯಂತ್ರ ಎಲ್ಲವನ್ನೂ ಲೆಕ್ಕ ಹಾಕಿತ್ತು. ಸೆಕೆಂಡಿಗೆ ಸುಮಾರು 10 ಕೋಟಿ ಸ್ಥಿತಿಗಳನ್ನು ನೋಡಬಲ್ಲ ಯಂತ್ರ ಅದು. ಅದರ ಪಾಲಿಗೆ ಅಲ್ಲಿ ತ್ಯಾಗವೇ ಇರಲಿಲ್ಲ. ಹಾಗಾದರೆ, ನಾನು ಆಡಬಹುದಾಗಿದ್ದ ಅದೇ ನಡೆಯನ್ನು ಯಂತ್ರ ಬೇರೆ ಕಾರಣಕ್ಕೆ ಆಡಿದರೆ ಅದನ್ನು ಬುದ್ಧಿವಂತ ನಡೆ ಅನ್ನಬೇಕೋ ಬೇಡವೋ? ಇದು ಕಾಸ್ಪರೋವ್ ಕೇಳಿದ ಪ್ರಶ್ನೆ.

(ಒಂದು ಸಣ್ಣ ತಕರಾರು. ಆಟದ ಪಟ್ಟಿ ನೋಡಿದರೆ ಬಿ6ರ ಕಾಲಾಳು ಸಿಕ್ಕಿದ್ದು ಮೂರು ನಡೆಗಳ ನಂತರ, 26ರಲ್ಲಿ. ಆರು ನಡೆ ಹೇಗಾಯಿತು? ಕಂಪ್ಯೂಟರಿನವರು ಬಿಳಿಯದೊಂದು, ಕಪ್ಪಿನದೊಂದು ಎಂದು ಅರ್ಧ ನಡೆಗಳಲ್ಲಿ ಎಣಿಸುತ್ತಾರೆ. ಡಿ5ರ ನಂತರ ಹಾಗೆ ಎಣಿಸಿಕೊಂಡು ಹೋದರೆ ಮಂತ್ರಿ ಬಿ6ಕ್ಕೆ ಬೀಳುವುದು ಸರಿಯಾಗಿ ಆರನೆಯದು. ಲೆಕ್ಕ ಹೀಗೆ ಬಂದಿರಬಹುದು. 29ನೆಯ ನಡೆಯಲ್ಲಿ ಬಿ7 ಸಿಕ್ಕಿದ್ದನ್ನು ಹಿಡಿದರೆ ಪೂರ್ತಿ ಆರು ನಡೆಯೂ ಆಗುತ್ತದೆ. ಆದರೆ ಆ ಹೊತ್ತಿಗೆ ಯಂತ್ರ ಸಾಲ ತೀರಿಸಿಕೊಂಡು ಒಂದು ಕಾಲಾಳು ಹೆಚ್ಚಿಗೆ ಇಟ್ಟುಕೊಂಡಿತ್ತು.)

ಈ ಪ್ರಶ್ನೆ ಕಾಸ್ಪರೋವ್‌ಗಿಂತ ಹಳೆಯದು. ರುಡಾಲ್ಫ್ ಸ್ಪೀಲ್‌ಮನ್ ಎಂಬ ಆಸ್ಟ್ರಿಯಾದ ಆಟಗಾರ 1935ರಲ್ಲಿ ಜರ್ಮನ್ ಭಾಷೆಯಲ್ಲಿ ಚದುರಂಗದ ತ್ಯಾಗಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಯಹೂದಿಯಾದ ಆತ ನಾಜಿಗಳಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿ, 1942ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಬಡತನದಲ್ಲಿ ತೀರಿಕೊಂಡ. ಆ ಪುಸ್ತಕದಲ್ಲಿ ಆತ ತ್ಯಾಗವನ್ನು ಎರಡು ಜಾತಿ ಮಾಡುತ್ತಾನೆ. ಕೊಟ್ಟದ್ದು ಎಷ್ಟು ನಡೆಯಲ್ಲಿ, ಯಾವ ರೂಪದಲ್ಲಿ ಹಿಂದಿರುಗುತ್ತದೆ ಎಂದು ಮೊದಲೇ ಲೆಕ್ಕ ಹಾಕಲು ಬರುವುದಾದರೆ ಅದು ತೋರಿಕೆಯ ತ್ಯಾಗ. ಲೆಕ್ಕಕ್ಕೆ ಸಿಗದೆ, ಸ್ಥಿತಿಯ ಒಟ್ಟು ಬಲವನ್ನು ನಂಬಿ ಕೊಡುವುದಾದರೆ ಅದು ನಿಜವಾದ ತ್ಯಾಗ. ಸ್ಪೀಲ್‌ಮನ್ ಈ ಗೆರೆಯನ್ನು ನಡೆಗಳ ನಡುವೆ ಎಳೆದೆ ಅಂದುಕೊಂಡಿದ್ದ. ನಿಜವಾಗಿ ಅದು ಆಡುವವರ ನಡುವೆ ಬಿದ್ದಿದೆ. ಮೂರು ನಡೆ ಕಾಣುವವನಿಗೆ ಯಾವುದು ನಿಜವಾದ ತ್ಯಾಗವೋ ಹತ್ತು ನಡೆ ಕಾಣುವವನಿಗೆ ಅದು ತೋರಿಕೆ. ಡಿ5 ಕಾಸ್ಪರೋವ್‌ಗೆ ನಿಜ, ಡೀಪ್ ಬ್ಲೂಗೆ ತೋರಿಕೆ. ಹಲಗೆ ಒಂದೇ, ಕಾಲಾಳು ಒಂದೇ.

ಹಾಸ್ಟೆಲಿನ ನನ್ನ ಪಕ್ಕದ ಕೋಣೆಯ ಗೆಳೆಯ ಕಂಪ್ಯೂಟರ್ ಸೈನ್ಸಿನವನು. ಇದನ್ನೆಲ್ಲ ಹೇಳಿದರೆ ನಕ್ಕುಬಿಟ್ಟ. "ಲೇ, ಮೂರು ದಿನಕ್ಕೆ ವಾಪಸ್ ಬರುತ್ತೆ ಅಂತ ಗೊತ್ತಿದ್ದು ಕೊಟ್ಟ ದುಡ್ಡಿಗೆ ದಾನ ಅಂತಾರೇನೋ? ಸಾಲ ಅಂತಾರೆ" ಅಂದ. ನಾನು ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಸ್ಯಾಕ್ರಿಫೈಸ್ ಎಂಬ ಒಂದೇ ಪದ ಇರುವುದರಿಂದ ಈ ಜಗಳ ಗೋಜಲಾಗಿದೆ ಎಂದು ನನ್ನ ಅನುಮಾನ. ನಮ್ಮಲ್ಲಿ ತ್ಯಾಗ ಬೇರೆ, ಬಲಿ ಬೇರೆ. ತ್ಯಾಗ ಮಾಡುವವನು ತನ್ನದನ್ನು ಬಿಡುತ್ತಾನೆ, ಫಲ ಕೇಳುವುದಿಲ್ಲ. ಬಲಿ ಕೊಡುವವನು ಫಲಕ್ಕಾಗಿಯೇ ಕೊಡುತ್ತಾನೆ. ಹರಕೆಯ ಕುರಿಯನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ. ಆ ಅರ್ಥದಲ್ಲಿ ಚದುರಂಗದಲ್ಲಿ ಮನುಷ್ಯರು ಮಾಡುತ್ತಾ ಬಂದದ್ದೂ ಬಲಿಯೇ. ವ್ಯತ್ಯಾಸ ಏನೆಂದರೆ ಮನುಷ್ಯ ದೇವರು ಒಲಿಯುತ್ತಾನೋ ಇಲ್ಲವೋ ಎಂಬ ಅಳುಕಿನಲ್ಲಿ ಕೊಡುತ್ತಾನೆ. ಡೀಪ್ ಬ್ಲೂಗೆ ಆ ಅಳುಕು ಇರಲಿಲ್ಲ. ನಾವು ಇಷ್ಟು ಕಾಲ ಮೆಚ್ಚಿಕೊಂಡು ಬಂದದ್ದು ನಡೆಯನ್ನೋ, ಅಳುಕನ್ನೋ?

ಗೆಳೆಯನ ಸಾಲದ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸಾಲಕ್ಕಾದರೆ ನಾಣ್ಯ ಬೇಕಲ್ಲ. ಕಾಲಾಳಿಗೆ ಬೆಲೆ ಕಟ್ಟಿದವರು ಯಾರು?

ಆಟಗಾರರು ಬಹಳ ಹಿಂದಿನಿಂದಲೂ ಅಂದಾಜಿನ ಬೆಲೆ ಇಟ್ಟುಕೊಂಡಿದ್ದರು. ಯಂತ್ರಕ್ಕೆ ಆ ಬೆಲೆಪಟ್ಟಿಯನ್ನು ಸೂತ್ರ ಮಾಡಿ ಕೊಟ್ಟವನು ಕ್ಲಾಡ್ ಶ್ಯಾನನ್. ಬೆಲ್ ಲ್ಯಾಬ್ಸ್‌ನಲ್ಲಿದ್ದ, ಮಾಹಿತಿ ಸಿದ್ಧಾಂತದ ಜನಕ. ಚದುರಂಗ ಆಡುವ ಯಂತ್ರದ ಬಗ್ಗೆ ಆತನ ಲೇಖನ 1950ರ ಮಾರ್ಚ್‌ನಲ್ಲಿ ಫಿಲಸಾಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಬಂತು. ಆಗ ಅದನ್ನು ಆಡಿಸಿ ನೋಡಬಲ್ಲ ಕಂಪ್ಯೂಟರ್ ಆತನ ಬಳಿ ಇರಲಿಲ್ಲ. ಸೂತ್ರ ಇಷ್ಟೆ: ಮಂತ್ರಿಗೆ 9, ಆನೆಗೆ 5, ಒಂಟೆ ಮತ್ತು ಕುದುರೆಗೆ 3, ಕಾಲಾಳಿಗೆ 1. ನಮ್ಮ ಮೊತ್ತದಿಂದ ಎದುರಾಳಿಯ ಮೊತ್ತ ಕಳೆಯಬೇಕು. ಇಷ್ಟಾದರೆ ಕಿರಾಣಿ ಅಂಗಡಿಯ ಲೆಕ್ಕವಾಗುತ್ತಿತ್ತು. ಶ್ಯಾನನ್ ಇನ್ನೆರಡು ಸಾಲು ಸೇರಿಸಿದ. ಒಂಟಿಯಾದ, ಹಿಂದುಳಿದ, ಒಂದರ ಬೆನ್ನಿಗೊಂದು ಸಿಕ್ಕಿಕೊಂಡ ಪ್ರತಿ ಕಾಲಾಳಿಗೂ 0.5 ದಂಡ. ಆಡಲು ಸಿಗುವ ಪ್ರತಿಯೊಂದು ನಡೆಗೂ 0.1 ಬಹುಮಾನ.

ಆ 0.1 ನೋಡಿ ನಾನು ಪೆನ್ನು ಕೆಳಗಿಟ್ಟೆ. ಹತ್ತು ನಡೆಗಳ ಸ್ವಾತಂತ್ರ್ಯಕ್ಕೆ ಒಂದು ಕಾಲಾಳು ಸಮ ಎಂದಾಯಿತಲ್ಲ! ಒಂದು ಕಾಲಾಳು ಕೊಟ್ಟು ಆನೆಗೂ ಒಂಟೆಗೂ ಸೇರಿ ಹನ್ನೊಂದು ಹೊಸ ಮನೆಗಳ ದಾರಿ ತೆರೆದರೆ ಶ್ಯಾನನ್‌ನ ಲೆಕ್ಕದಲ್ಲಿ ಲಾಭ. ಯಂತ್ರಗಳು ಬರಿಯ ದುಡ್ಡೆಣಿಸುವ ಶೆಟ್ಟರು, ಅವಕ್ಕೆ ತೆರೆದ ಸಾಲಿನ ಬೆಲೆ ತಿಳಿಯದು ಎಂದು ಮುಂದಿನ ನಲವತ್ತು ವರ್ಷ ಆಟಗಾರರು ಹೇಳುತ್ತಾ ಬಂದರು. ಆದರೆ ಬೆಲೆಪಟ್ಟಿಯ ಮೊದಲ ಪ್ರತಿಯಲ್ಲೇ ಆ ಬೆಲೆ ನಮೂದಾಗಿತ್ತು.

ಹುಚ್ಚು ಹಿಡಿದು ಡಿ5ರ ಸ್ಥಿತಿಗೆ ಶ್ಯಾನನ್‌ನ ಸೂತ್ರ ಹಾಕಿ ನೋಡಿದೆ. ಕಾಗದ, ಪೆನ್ಸಿಲ್ ಸಾಕು. 23ನೆಯ ನಡೆಗೆ ಮುಂಚೆ ಇಬ್ಬರಿಗೂ ಆರಾರು ಕಾಲಾಳು, ಉಳಿದ ಕಾಯಿಗಳೂ ಸಮ. ಬಿಳಿಯಲ್ಲಿ ಒಂಟಿ ಕಾಲಾಳು ಒಂದು, ಅದೇ ಡಿ4. ಕಪ್ಪಿನಲ್ಲಿ ಮೂರು: ಬಿ6, ಬಿ7, ಎಚ್7. ಕೊಟ್ಟು ತೆಗೆದುಕೊಂಡು ಮುಗಿದ ಮೇಲೆ, 24ನೆಯ ನಡೆಯ ಕೊನೆಗೆ, ಬಿಳಿಗೆ ಐದು ಕಾಲಾಳು. ಒಂದೂ ಒಂಟಿಯಲ್ಲ. ಕಪ್ಪಿಗೆ ಆರು. ಇ6ರ ಕಾಲಾಳು ಡಿ5ಕ್ಕೆ ಎಳೆಯಲ್ಪಟ್ಟದ್ದರಿಂದ ಅದೂ ಒಂಟಿ, ಅದರ ಆಸರೆಯಲ್ಲಿದ್ದ ಎಫ್ ಸಾಲಿನ ಎರಡೂ ಒಂಟಿ. ಆರಕ್ಕೆ ಆರೂ ಒಂಟಿ! ಊರಲ್ಲಿ ಆರು ಮನೆ, ಒಬ್ಬರಿಗೊಬ್ಬರು ಮಾತಿಲ್ಲ ಎಂಬಂತೆ. ಬಿಳಿಯ ದಂಡ ಒಂದು ಕಡಿಮೆ, ಕಪ್ಪಿನ ದಂಡ ಮೂರು ಹೆಚ್ಚು. ನಾಲ್ಕು ಅರ್ಧ, ಎರಡು. ಕಳೆದುಕೊಂಡದ್ದು ಒಂದು. ನಡೆಗಳ ಸ್ವಾತಂತ್ರ್ಯದ ಲೆಕ್ಕ ಬಿಟ್ಟರೂ ಬಿಳಿಗೆ ಒಂದು ಅಂಶ ಲಾಭ. ಬಿ6ರ ಕಾಲಾಳು ಮರಳಿ ಸಿಗುತ್ತದೋ ಇಲ್ಲವೋ ನೋಡದೆಯೇ, ಆರು ಅರ್ಧನಡೆಗಳ ಮುನ್ನೋಟ ಇಲ್ಲದೆಯೇ, ಕೇವಲ ಹಲಗೆಯ ಚಹರೆ ನೋಡಿ, 1950ರ ಸೂತ್ರ ಡಿ5 ನಡೆಯನ್ನು ಮೆಚ್ಚುತ್ತದೆ. ಕಪ್ಪಿನ ಕಾಲಾಳುಗಳ ಕಟ್ಟು ಒಡೆಯಿತು ಎಂದು ಕಾಸ್ಪರೋವ್ ಹೇಳಿದ್ದೂ ಅದನ್ನೇ ಅಲ್ಲವೇ? ಲೆಕ್ಕ ಒಂದು ಕಡೆ, ಅಂತಃಪ್ರಜ್ಞೆ ಇನ್ನೊಂದು ಕಡೆ ಎಂದು ಅಷ್ಟು ಸಲೀಸಾಗಿ ಹಂಚಲು ಬರುವುದಿಲ್ಲ ಎಂದು ನನಗನ್ನಿಸಿದ್ದು ಈ ಪೆನ್ಸಿಲ್ ಲೆಕ್ಕದ ನಂತರ. ಗೆಳೆಯನಿಗೆ ತೋರಿಸಿದೆ. ಒಂದು ಉದಾಹರಣೆಯಿಂದ ಏನೂ ಸಾಬೀತಾಗಲ್ಲ ಅಂದ. ಅದೂ ಸರಿ.

ಆದರೆ ಆಟಗಾರರು ಯಂತ್ರಗಳನ್ನು ಹೀಗಳೆದದ್ದು ಸುಮ್ಮನೆ ಅಲ್ಲ. ಮೊದಮೊದಲ ಕಂಪ್ಯೂಟರುಗಳೂ ಕಾಲಾಳುಗಳನ್ನು ಕೊಡುತ್ತಿದ್ದವು, ಆದರೆ ಕುರುಡಿನಿಂದ. ಯಂತ್ರ ಇಂತಿಷ್ಟೇ ನಡೆ ಮುಂದಕ್ಕೆ ನೋಡಬಲ್ಲದು ಅನ್ನಿ. ಆ ಗಡಿಯೊಳಗೆ ತನ್ನ ಒಂಟೆ ಹೋಗುವುದು ಅದಕ್ಕೆ ಕಾಣುತ್ತದೆ. ಆಗ ಅದು ಒಂದು ಕಾಲಾಳನ್ನು ಎದುರಾಳಿಯ ಮುಂದೆ ಎಸೆಯುತ್ತದೆ. ಎದುರಾಳಿ ಅದನ್ನು ತಿನ್ನುವಷ್ಟರಲ್ಲಿ ಒಂಟೆಯ ಸಾವು ಎರಡು ಅರ್ಧನಡೆ ಮುಂದೆ ಹೋಗಿ ಗಡಿಯ ಆಚೆ ಬೀಳುತ್ತದೆ. ಕಾಣದ್ದರಿಂದ ಯಂತ್ರದ ಲೆಕ್ಕದಲ್ಲಿ ಒಂಟೆ ಉಳಿಯಿತು. ಮುಂದಿನ ಸರದಿಗೆ ಮತ್ತೆ ಕಾಣುತ್ತದೆ, ಮತ್ತೊಂದು ಕಾಲಾಳು ಎಸೆಯುತ್ತದೆ. ಕೊನೆಗೆ ಕಾಲಾಳುಗಳೂ ಹೋಗಿ ಒಂಟೆಯೂ ಹೋಗುತ್ತದೆ. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹ್ಯಾನ್ಸ್ ಬರ್ಲಿನರ್ ಇದಕ್ಕೆ ದಿಗಂತದ ಪರಿಣಾಮ ಎಂದು ಹೆಸರಿಟ್ಟ. ಆತ ಅಂಚೆಯ ಮೂಲಕ ಆಡುವ ಚದುರಂಗದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು. ಬಡ್ಡಿ ಕಟ್ಟಲು ಹೊಸ ಸಾಲ ಮಾಡುವ ಗೃಹಸ್ಥರನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಹೀಗಾಗಿ ಯಂತ್ರದ ವಿರುದ್ಧ ಮನುಷ್ಯನ ಜಾಣತನ ಎಂದರೆ ಸಾಲುಗಳನ್ನು ಮುಚ್ಚಿಟ್ಟುಕೊಳ್ಳುವುದು ಎಂದಾಯಿತು. ಸ್ಕಾಟ್ಲೆಂಡಿನ ಡೇವಿಡ್ ಲೆವಿ 1968ರಲ್ಲಿ ಎಡಿನ್‌ಬರೋದಲ್ಲಿ ಜಾನ್ ಮೆಕಾರ್ಥಿಯ ಜೊತೆ ಬಾಜಿ ಕಟ್ಟಿದ. ಕೃತಕ ಬುದ್ಧಿಮತ್ತೆ ಎಂಬ ಹೆಸರನ್ನೇ ಚಾಲ್ತಿಗೆ ತಂದವನು ಈ ಮೆಕಾರ್ಥಿ. ಹತ್ತು ವರ್ಷದೊಳಗೆ ಯಾವ ಯಂತ್ರವೂ ನನ್ನನ್ನು ಪಂದ್ಯದಲ್ಲಿ ಸೋಲಿಸದು ಎನ್ನುವುದು ಲೆವಿಯ ಬಾಜಿ. 1978ರಲ್ಲಿ ಟೊರಾಂಟೋದಲ್ಲಿ ಚೆಸ್ 4.7 ಎಂಬ ಪ್ರೋಗ್ರಾಮಿನ ಎದುರು ಕೂತ. ಏನೂ ಮಾಡದೆ, ಎಲ್ಲ ಮುಚ್ಚಿಕೊಂಡು, ಯಂತ್ರ ತಾನಾಗಿ ಎಡವುವ ತನಕ ಕಾಯುವುದು ಆತನ ಉಪಾಯ. 3½-1½ರಿಂದ ಬಾಜಿ ಗೆದ್ದ. ಸೋತದ್ದು ಒಂದೇ ಆಟ, ನಾಲ್ಕನೆಯದು. ಅವತ್ತು ಆತ ಕಪ್ಪು ಕಾಯಿಯಲ್ಲಿ ಲಾಟ್ವಿಯನ್ ಗ್ಯಾಂಬಿಟ್ ಆಡಿದ್ದ. ಎರಡನೇ ನಡೆಯಲ್ಲೇ ಕಾಲಾಳು ಒಡ್ಡಿ ಹಲಗೆ ತೆರೆಯುವ ಆಟ. ಬಾಗಿಲು ತೆರೆದದ್ದು ಮನುಷ್ಯ, ಒಳಗೆ ಬಂದದ್ದು ಯಂತ್ರ.

ಇದರ ಮುಂದಿನ ಹತ್ತು ವರ್ಷ ಬಹುಮಟ್ಟಿಗೆ ವೇಗದ ಕಥೆ, ಅದನ್ನು ಹಾರಿಸುತ್ತೇನೆ. ಒಂದು ಹೆಸರನ್ನು ಮಾತ್ರ ಬಿಡಲಾರೆ. ಡೀಪ್ ಬ್ಲೂಗೆ ಅಣ್ಣನಂತಿದ್ದ ಡೀಪ್ ಥಾಟ್ ಯಂತ್ರವನ್ನು ಕಾರ್ನೆಗಿ ಮೆಲನ್‌ನಲ್ಲಿ ಕಟ್ಟಿದ ವಿದ್ಯಾರ್ಥಿಗಳಲ್ಲಿ ಥಾಮಸ್ ಅನಂತರಾಮನ್ ಒಬ್ಬ. ಆತ, ಫೆಂಗ್ ಶ್ಯುಂಗ್ ಷು, ಮರ್ರಿ ಕ್ಯಾಂಪ್‌ಬೆಲ್ ಮೂವರೂ ಸೇರಿ ಒಂದು ಉಪಾಯ ಕಂಡುಹಿಡಿದರು. ಯಾವುದಾದರೂ ಸ್ಥಿತಿಯಲ್ಲಿ ಒಂದೇ ಒಂದು ನಡೆ ಉಳಿದೆಲ್ಲಕ್ಕಿಂತ ಎದ್ದು ಕಂಡರೆ ಆ ದಾರಿಯಲ್ಲಿ ಮಾತ್ರ ಇನ್ನಷ್ಟು ಆಳಕ್ಕೆ ಇಳಿದು ನೋಡುವುದು. ಕಣ್ಣಿನ ಗಡಿ ಎಲ್ಲ ದಿಕ್ಕಿಗೂ ಒಂದೇ ಆಗಿರಬೇಕಿಲ್ಲ ಎಂದು ಯಂತ್ರಕ್ಕೆ ಕಲಿಸಿದ ಹಾಗಾಯಿತು. ಆರಂಭದಿಂದ ಕೊನೆಯವರೆಗೆ ಯಂತ್ರದ ಜೊತೆ ಉಳಿದವರು ಷು ಮತ್ತು ಕ್ಯಾಂಪ್‌ಬೆಲ್. ಅನಂತರಾಮನ್ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದ.

1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮರುಪಂದ್ಯ. ಯಂತ್ರದ ವೇಗ ಇಮ್ಮಡಿಯಾಗಿ ಸೆಕೆಂಡಿಗೆ 20 ಕೋಟಿ ಸ್ಥಿತಿಗಳಿಗೆ ಏರಿತ್ತು. ಎಲ್ಲರೂ ನೆನಪಿಟ್ಟಿರುವುದು ಆರನೆಯ ಆಟವನ್ನು. ಅಲ್ಲಿ ಡೀಪ್ ಬ್ಲೂ ಎಂಟನೆಯ ನಡೆಯಲ್ಲೇ ಒಂದು ಕುದುರೆ ಕೊಟ್ಟು 19 ನಡೆಗಳಲ್ಲಿ ಗೆದ್ದು, ಪಂದ್ಯವನ್ನು 3½-2½ ಮಾಡಿತು. ನನಗೆ ಆ ತ್ಯಾಗದಲ್ಲಿ ಆಸಕ್ತಿಯಿಲ್ಲ. ಅದು ಯಂತ್ರ ಯೋಚಿಸಿದ್ದೇ ಅಲ್ಲ, ತಂಡದವರು ಮೊದಲೇ ತುಂಬಿಟ್ಟ ಆರಂಭದ ನಡೆಗಳ ಪುಸ್ತಕದಿಂದ ಬಂದದ್ದು. ಮೇ 4ರ ಎರಡನೆಯ ಆಟವೇ ಬೇರೆ.

ಅಲ್ಲಿ 1996 ತಿರುವುಮುರುವಾಯಿತು. ಹಿಂದಿನ ವರ್ಷ ಕಾಲಾಳು ಕೊಟ್ಟು ಸಾಲು ತೆರೆದದ್ದು ಯಂತ್ರ. ಈ ಸಲ ಕಾಸ್ಪರೋವ್ ಕೊಡಲು ಕೂತಿದ್ದ. 36ನೆಯ ನಡೆಯ ಹೊತ್ತಿಗೆ ಕಪ್ಪಿನ ಸ್ಥಿತಿ ಇಕ್ಕಟ್ಟಾಗಿತ್ತು. ಬಿಳಿ ಮಂತ್ರಿ ಬಿ6ಕ್ಕೆ ನುಗ್ಗಿದರೆ ಕಾಲಾಳುಗಳು ಉದುರುತ್ತವೆ. ಯಂತ್ರ ಎಂದ ಮೇಲೆ ನುಗ್ಗಲೇಬೇಕು. ನುಗ್ಗಿ ತಿನ್ನುತ್ತಾ ಕೂತಾಗ ಕಾಸ್ಪರೋವ್ ಇ5ರ ಕಾಲಾಳನ್ನು ಇ4ಕ್ಕೆ ತಳ್ಳುತ್ತಾನೆ. ಅದನ್ನೂ ಕೊಡುತ್ತಾನೆ. ಆಗ ಡಿ6ರಲ್ಲಿ ಮುದುಡಿ ಕೂತ ಕಪ್ಪು ಒಂಟೆಗೆ ಬಿಳಿ ರಾಜನ ಮಗ್ಗುಲಿನವರೆಗೆ ಓರೆ ಸಾಲು ತೆರೆಯುತ್ತದೆ. ಇದು ಬಲೆ.

ಬಿಳಿ ಮಂತ್ರಿ ಹೋಗಲಿಲ್ಲ. ಯಂತ್ರ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು, ಎ ಸಾಲಿನ ಕಾಲಾಳಿನಿಂದ ಬಿ5ರ ಕಾಲಾಳನ್ನು ಹೊಡೆದು ಬದಲಾಯಿಸಿಕೊಂಡಿತು. ಅದರ ಮುಂದಿನ ನಡೆ ಒಂಟೆ ಇ4ಕ್ಕೆ. ಕಾಸ್ಪರೋವ್ ಯಾವ ಮನೆಗೆ ಕಾಲಾಳು ತಳ್ಳಿ ಬಾಗಿಲು ತೆರೆಯಬೇಕೆಂದಿದ್ದನೋ ಆ ಹೊಸ್ತಿಲ ಮೇಲೆಯೇ ಯಂತ್ರ ಒಂಟೆಯನ್ನು ತಂದು ಕೂರಿಸಿತು. ಸಾಲು ಮುಚ್ಚುವುದರ ಬೆಲೆಯೂ ಅದಕ್ಕೆ ಗೊತ್ತಿತ್ತು ಎಂದಾಯಿತು. 45ನೆಯ ನಡೆಗೆ ಕಾಸ್ಪರೋವ್ ಕೈಚೆಲ್ಲಿದ. ಆ ಕೊನೆಯ ಸ್ಥಿತಿಯಲ್ಲಿ ಆಟವನ್ನು ಸಮ ಮಾಡಿಕೊಳ್ಳುವ ದಾರಿ ಕಪ್ಪಿಗೆ ಇತ್ತು ಎಂದು ಆಮೇಲಿನ ವಿಶ್ಲೇಷಣೆಗಳು ತೋರಿಸಿದಾಗ ಆತ ಇನ್ನಷ್ಟು ಕುಸಿದ. ಪತ್ರಿಕಾಗೋಷ್ಠಿಯಲ್ಲಿ 1986ರ ವಿಶ್ವಕಪ್ಪಿನಲ್ಲಿ ಮರಡೋನಾ ಕೈಯಿಂದ ಹೊಡೆದ ಗೋಲಿನ ಪ್ರಸ್ತಾಪ ಮಾಡಿದ. ಅಂದರೆ ಯಾರೋ ಮನುಷ್ಯನ ಕೈ ಇದರಲ್ಲಿ ಇದೆ ಎಂಬ ಸೂಚನೆ. ಯಂತ್ರದ ದಾಖಲೆಗಳನ್ನು ತೋರಿಸಿ ಎಂದು ಕೇಳಿದ. ಐಬಿಎಂ ಅವನ್ನು ಪ್ರಕಟಿಸಿದ್ದು ಪಂದ್ಯ ಮುಗಿದ ಮೇಲೆ. ತಂಡದವರು ಕೊಟ್ಟ ವಿವರಣೆ ನೀರಸವಾದದ್ದು. ಯಂತ್ರ ಮೊದಲು ಮಂತ್ರಿಯನ್ನೇ ನಡೆಸಬೇಕೆಂದಿತ್ತು, ಆಳಕ್ಕೆ ಹೋದಂತೆ ಆ ನಡೆಯ ಅಂಕ ಇಳಿಯತೊಡಗಿತು, ಹೆಚ್ಚಿನ ಸಮಯ ತೆಗೆದುಕೊಂಡು ಬೇರೆ ನಡೆಗೆ ಬದಲಾಯಿಸಿತು.

ಗಮನಿಸಬೇಕಾದ್ದು ಕಾಸ್ಪರೋವ್‌ನಲ್ಲಿ ಆದ ಬದಲಾವಣೆ. 1996ರಲ್ಲಿ ಯಂತ್ರ ಮನುಷ್ಯನ ಹಾಗೆ ಆಡಿದಾಗ ಆತ ಬೆರಗಾಗಿ ಲೇಖನ ಬರೆದ. 1997ರಲ್ಲಿ ಮನುಷ್ಯನ ಹಾಗೆ ಆಡಿದಾಗ ಮೋಸ ಎಂದ. ಒಂದೇ ವರ್ಷದಲ್ಲಿ ಅದೇ ಪ್ರಶ್ನೆ ತತ್ವಶಾಸ್ತ್ರದಿಂದ ಠಾಣೆಗೆ ಹೋಯಿತು. ನಾನು ಆತನನ್ನು ದೂರುವುದಿಲ್ಲ. ಎದುರಿಗಿರುವುದು ಏನು ಯೋಚಿಸುತ್ತಿದೆ ಎಂದು ಅಂದಾಜು ಮಾಡುವುದೇ ಆತನ ಅನ್ನ. ಕಾಲಾಳು ಕೊಟ್ಟರೆ ತೆಗೆದುಕೊಳ್ಳದ ಯಂತ್ರದ ಮುಂದೆ ಆ ಕಸುಬು ಕೈಕೊಟ್ಟಿತ್ತು. ಕಾಸ್ಪರೋವ್ ಎಷ್ಟೋ ವರ್ಷಗಳ ನಂತರ, 2017ರಲ್ಲಿ ತಂದ ಪುಸ್ತಕದಲ್ಲಿ, ಈ ಪಂದ್ಯದ ಬಗ್ಗೆ ಮೆತ್ತಗಾಗಿದ್ದಾನೆ.

ಅದೇ 2017ರ ಡಿಸೆಂಬರಿನಲ್ಲಿ ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆ ಆಲ್ಫಾಝೀರೋ ಎಂಬ ಪ್ರೋಗ್ರಾಮಿನ ವಿವರ ಹೊರಗೆ ಬಿಟ್ಟಿತು. ಅದಕ್ಕೆ ಶ್ಯಾನನ್‌ನ ಬೆಲೆಪಟ್ಟಿ ಕೊಟ್ಟಿರಲಿಲ್ಲ. ಮಂತ್ರಿಗೆ 9 ಎಂದಾಗಲಿ ಕಾಲಾಳಿಗೆ 1 ಎಂದಾಗಲಿ ಯಾರೂ ಹೇಳಿಕೊಡಲಿಲ್ಲ. ಆಟದ ನಿಯಮ ಮಾತ್ರ ತಿಳಿಸಿ, ತನ್ನ ವಿರುದ್ಧ ತಾನೇ ಕೋಟಿಗಟ್ಟಲೆ ಆಟ ಆಡಿಸಿ ಬಿಟ್ಟರು. ಆಗಿನ ಅತ್ಯಂತ ಬಲವಾದ ಪ್ರೋಗ್ರಾಮುಗಳಲ್ಲಿ ಒಂದಾದ ಸ್ಟಾಕ್‌ಫಿಶ್ ಜೊತೆಗಿನ 100 ಆಟಗಳಲ್ಲಿ ಅದು 28 ಗೆದ್ದು 72 ಸಮ ಮಾಡಿತು, ಒಂದೂ ಸೋಲಲಿಲ್ಲ. ಸ್ಟಾಕ್‌ಫಿಶ್‌ಗೆ ಸರಿಯಾದ ಅನುಕೂಲ ಕೊಡಲಿಲ್ಲ ಎಂಬ ತಕರಾರು ಎದ್ದಿತು, ಅದರಲ್ಲಿ ಹುರುಳೂ ಇತ್ತು. ಮುಂದಿನ ವರ್ಷ 1000 ಆಟ ಆಡಿಸಿದರು. ಗೆಲುವು 155, ಸೋಲು 6. ಸ್ಟಾಕ್‌ಫಿಶ್ ಸೆಕೆಂಡಿಗೆ ಕೋಟಿಗಳಲ್ಲಿ ಸ್ಥಿತಿಗಳನ್ನು ನೋಡುತ್ತಿದ್ದರೆ ಆಲ್ಫಾಝೀರೋ ನೋಡುತ್ತಿದ್ದದ್ದು ಸಾವಿರಗಳಲ್ಲಿ.

ಮೊದಲು ಹೊರಬಂದ ಹತ್ತು ಆಟಗಳ ಪಟ್ಟಿಯನ್ನು ನಾನು ತೆರೆದದ್ದು ಇತ್ತೀಚೆಗೆ. ಕ್ವೀನ್ಸ್ ಇಂಡಿಯನ್ ಎಂಬ ಆರಂಭ. ಏಳನೆಯ ನಡೆ, ಬಿಳಿ. ಡಿ5. ಅದೇ ಕಾಲಾಳು, ಅದೇ ಮನೆ! ಕಪ್ಪು ತಿನ್ನುತ್ತದೆ, ಬಿಳಿ ಕುದುರೆ ಎಚ್4ಕ್ಕೆ ಹಾರುತ್ತದೆ. ಇದು ಆಲ್ಫಾಝೀರೋ ಕಂಡುಹಿಡಿದದ್ದಲ್ಲ. ಸೋವಿಯತ್ ಒಕ್ಕೂಟದ ಲೆವ್ ಪೊಲುಗಯೆವ್‌ಸ್ಕಿ 1980ರಲ್ಲಿ ಕೊರ್ಚ್‌ನೊಯ್ ವಿರುದ್ಧ ಆಡಿದ್ದ, ಆ ದಾರಿಗೆ ಆತನದೇ ಹೆಸರಿದೆ. ಮನುಷ್ಯರ ಒಂದೂ ಆಟ ನೋಡದ ಯಂತ್ರ ತನ್ನಷ್ಟಕ್ಕೆ ನಡೆದು ಅಲ್ಲಿಗೆ ಬಂದು ಸೇರಿತ್ತು. ಇಲ್ಲಿ ಕಾಲಾಳು ಇಂತಿಷ್ಟು ನಡೆಯಲ್ಲಿ ಮರಳುತ್ತದೆ ಎಂಬ ಲೆಕ್ಕ ಯಾರಿಗೂ ಇಲ್ಲ, ಯಂತ್ರಕ್ಕೂ ಇಲ್ಲ. ಸ್ಪೀಲ್‌ಮನ್‌ನ ಗೆರೆಯ ಪ್ರಕಾರ ಇದು ನಿಜವಾದ ತ್ಯಾಗವೇ. ಮ್ಯಾಥ್ಯೂ ಸ್ಯಾಡ್ಲರ್ ಮತ್ತು ನತಾಶಾ ರೀಗನ್ ಆಲ್ಫಾಝೀರೋದ ಆಟಗಳ ಮೇಲೆ 2019ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಅದರಲ್ಲಿ ಇಂಥ ಕೊಡುಗೆಗಳದ್ದೇ ದೊಡ್ಡ ಪಾಲು.

ಇದನ್ನು ಗೆಳೆಯನ ಮುಂದೆ ಗೆಲುವಿನ ನಗೆಯಲ್ಲಿ ಇಟ್ಟೆ. ವಾಪಸ್ ಬರುತ್ತೆ ಅಂತ ಗೊತ್ತಿಲ್ಲದೆ ಕೊಟ್ಟಿದೆ, ಈಗ ಏನಂತೀಯ ಎಂದೆ. ಅವನು ಬೇರೆಯೇ ಒಂದು ವಿಷಯ ತೆಗೆದ. ಸ್ಟಾಕ್‌ಫಿಶ್ ಕೂಡ 2020ರಿಂದ ನ್ಯೂರಲ್ ನೆಟ್‌ವರ್ಕ್ ಬಳಸುತ್ತಿದೆ. 2023ರ ಆವೃತ್ತಿಯಲ್ಲಿ ಮನುಷ್ಯರು ಕೈಯಾರೆ ಬರೆದ ಹಳೆಯ ಬೆಲೆಪಟ್ಟಿಯನ್ನು ಪೂರ್ತಿ ಕಿತ್ತುಹಾಕಿದರು. ಅದಕ್ಕೂ ಮೊದಲು, 2022ರ ಕೊನೆಯಲ್ಲಿ, ಅಳತೆಗೋಲನ್ನೇ ಬದಲಾಯಿಸಿದ್ದರು. ಪರದೆಯ ಮೇಲೆ 1.00 ಎಂದು ಬಂದರೆ ಹಿಂದೆ ಒಂದು ಕಾಲಾಳಿನಷ್ಟು ಮುಂದೆ ಇದ್ದೇವೆ ಎಂದರ್ಥ. ಈಗ ಗೆಲ್ಲುವ ಸಾಧ್ಯತೆ ಶೇ 50 ಎಂದರ್ಥ. ಕಾಲಾಳು ಇನ್ನು ನಾಣ್ಯವಲ್ಲ. ಶ್ಯಾನನ್‌ನ ಕಾಲದಿಂದ ಎಪ್ಪತ್ತು ವರ್ಷ ಚಲಾವಣೆಯಲ್ಲಿದ್ದದ್ದು ಸದ್ದಿಲ್ಲದೆ ರದ್ದಾಗಿದೆ.

"ನಿನ್ನ ಯಂತ್ರ ಏನನ್ನೂ ಕೊಡ್ಲಿಲ್ಲ ಮಾರಾಯ" ಅಂದ ಗೆಳೆಯ. "ಅದಕ್ಕೆ ಅದು ಕಾಲಾಳು ಅಂತ್ಲೇ ಲೆಕ್ಕದಲ್ಲಿಲ್ಲ. ಡಿ5 ಆಡಿದ ಮೇಲೆ ಗೆಲ್ಲೋ ಸಾಧ್ಯತೆ ಜಾಸ್ತಿ ಆಯ್ತು, ಅಷ್ಟೆ. ಕಳ್ಕೊಂಡಿದ್ದೇನು ಹೇಳು?"

ಊಟದ ಹೊತ್ತಾಗಿತ್ತು, ಮೆಸ್ಸಿಗೆ ಹೋದೆವು. ರಾತ್ರಿ ಬಂದು ಹಲಗೆಯ ಮೇಲೆ ಫಿಲಡೆಲ್ಫಿಯಾದ ಸ್ಥಿತಿಯನ್ನು ಇನ್ನೊಮ್ಮೆ ಜೋಡಿಸಿದೆ. ಬಿಳಿಯದು ಆರು ಕಾಲಾಳು, ಕಪ್ಪಿನದು ಆರು. ಡಿ4ರಲ್ಲಿರುವುದನ್ನು ಎತ್ತಿ ಡಿ5ರಲ್ಲಿಟ್ಟೆ. ನನಗೆ ಈಗಲೂ ಅದನ್ನು ಅಲ್ಲಿ ಬಿಟ್ಟು ಕೈ ಹಿಂದೆಗೆಯುವಾಗ ಒಂದು ಕ್ಷಣ ಬೆರಳು ತಡೆಯುತ್ತದೆ.